ರಣಕ್ರೀಡೆಯಲ್ಲಿ ಇತಿಹಾಸದ ನಿಯಮ, ಆಟಗಾರನ ಸ್ವಾತಂತ್ರ್ಯ

ಚತುರಂಗವು ಭಾರತವು ಲೋಕಕ್ಕಿತ್ತ ಕ್ರೀಡೆ. ಆನೆ, ಕುದುರೆ, ರಥ, ಪದಾತಿಗಳೆಂಬ ಸೇನೆಯ ನಾಲ್ಕು ಅಂಗಗಳಿಂದಲೇ ಅದಕ್ಕೆ ಆ ಹೆಸರು ಬಂದಿತು. ಆದರೆ ಅದರ ಮಣೆಯ ಮೇಲೆ ಇಬ್ಬರ ಬಲವೂ ಸಮ, ನೆಲವೂ ಸಮ. ಅಲ್ಲಿ ಹಸಿದ ಸೈನಿಕನಿಲ್ಲ. ಕೆಸರಿನಲ್ಲಿ ಹೂತ ಗಾಲಿಯಿಲ್ಲ. ಬುದ್ಧಿಯ ಪರೀಕ್ಷೆಗೆ ಅಷ್ಟು ಸಾಕು. ಯುದ್ಧದ ನಿಜಸ್ವರೂಪವನ್ನು ಅರಿಯಬಯಸುವವನಿಗೆ ಸಾಲದು.

ಈ ಕೊರತೆಯನ್ನು ನೀಗಲೆಂದು ಪ್ರಷ್ಯಾ ದೇಶದ ಸೇನಾಧಿಕಾರಿ ಫಾನ್ ರೈಸ್‌ವಿಟ್ಸ್ 1824ರಲ್ಲಿ ಯುದ್ಧಕ್ರೀಡೆಯೊಂದರ ನಿಯಮಗಳನ್ನು ಪ್ರಕಟಿಸಿದನು. ಚೌಕಗಳ ಮಣೆಯ ಬದಲು ಭೂಪಟ. ಒಂದೊಂದು ಸರದಿಗೆ ಎರಡು ನಿಮಿಷಗಳ ಕಾಲಮಾನ. ನಷ್ಟದ ನಿರ್ಣಯಕ್ಕೆ ದಾಳ ಮತ್ತು ಕೋಷ್ಟಕ. ಇವೆಲ್ಲವನ್ನೂ ನಡೆಸಲು ಒಬ್ಬ ಮಧ್ಯಸ್ಥ. ಕಾಲಕ್ರಮದಲ್ಲಿ ನಿಯಮಗಳೇ ಹೊರೆಯಾದುವು. 1876ರಲ್ಲಿ ವೆರ್ಡಿ ದು ವೆರ್ನುವಾ ಎಂಬ ಪ್ರಷ್ಯದ ಮತ್ತೊಬ್ಬ ಅಧಿಕಾರಿಯು ದಾಳ, ಕೋಷ್ಟಕಗಳನ್ನು ಬದಿಗಿರಿಸಿ, ಅನುಭವಿಯಾದ ಮಧ್ಯಸ್ಥನ ವಿವೇಕಕ್ಕೆ ನಿರ್ಣಯವನ್ನು ಬಿಡಬೇಕೆಂದು ವಾದಿಸಿದನು. ನಿಯಮವೋ ಸ್ವಾತಂತ್ರ್ಯವೋ ಎಂಬ ವಿವಾದವು ಹೀಗೆ ಹಳೆಯದು.

ಇಂದು ಆ ಮಣೆಯು ಗಣಕಯಂತ್ರವನ್ನು ಸೇರಿದೆ. ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆಯು 2016ರಲ್ಲಿ ಹೊರತಂದ ‘ಹಾರ್ಟ್ಸ್ ಆಫ್ ಐರನ್’ ಆಟದ ನಾಲ್ಕನೆಯ ಕೃತಿಯಲ್ಲಿ ಆಟಗಾರನು 1936 ಅಥವಾ 1939ರಿಂದ ತೊಡಗಿ ಒಂದು ರಾಷ್ಟ್ರವನ್ನು ನಡೆಸುತ್ತಾನೆ. ಉಳಿದ ರಾಷ್ಟ್ರಗಳು ಇತಿಹಾಸದ ಜಾಡಿನಲ್ಲಿ ಸಾಗಬೇಕೋ, ಅನ್ಯಮಾರ್ಗ ಹಿಡಿಯಬಹುದೋ ಎಂಬ ಆಯ್ಕೆಯೂ ಅವನದೇ. ನಡೆದುದು ನಡೆದಂತೆಯೇ ನಡೆಯಬೇಕೆಂದರೆ ಆಟವು ಬೊಂಬೆಯಾಟವಾಗುತ್ತದೆ. ಏನು ಬೇಕಾದರೂ ನಡೆಯಬಹುದೆಂದರೆ ಅಡುಗೂಲಜ್ಜಿಯ ಕಥೆಯಾಗುತ್ತದೆ.

ಹಾಗಾದರೆ ಇವೆರಡರ ನಡುವಣ ಮೇರೆ ಯಾವುದು? ಇತಿಹಾಸದ ಸತ್ಯವು ಫಲಿತಾಂಶಕ್ಕಿಂತ ಹೆಚ್ಚಾಗಿ ಕಾರಣಗಳಲ್ಲಿದೆ. 1941ರ ಜೂನ್ 22ರಂದು ಸೋವಿಯತ್ ನಾಡಿನ ಮೇಲೆ ಏರಿಹೋದ ಜರ್ಮನ್ ಸೇನೆಯನ್ನು ದೂರ, ಕೆಸರು, ಚಳಿ, ಸರಬರಾಯಿಯ ಕೊರತೆ, ಎದುರಾಳಿಯ ಛಲ ಇವೆಲ್ಲ ಕೂಡಿ ಮಾಸ್ಕೋದ ಹೊರಗೆ ತಡೆದುವು. ಆ ದಂಡಯಾತ್ರೆಯನ್ನು ಕೈಗೊಳ್ಳದಿರುವ ಸ್ವಾತಂತ್ರ್ಯ ಆಟಗಾರನಿಗಿರಲಿ. ದೂರವನ್ನು ಕುಗ್ಗಿಸುವ, ಇಲ್ಲದ ತೈಲವನ್ನು ಸೃಷ್ಟಿಸುವ ಸ್ವಾತಂತ್ರ್ಯ ಸಲ್ಲದು. ವ್ಯಾಕರಣಶಾಸ್ತ್ರವು ಕರ್ತೃವನ್ನು ಸ್ವತಂತ್ರನೆನ್ನುತ್ತದೆ. ಆದರೂ ಕರಣ, ಅಧಿಕರಣಗಳಿಲ್ಲದೆ ಅವನು ಕ್ರಿಯೆಯನ್ನು ಸಾಧಿಸಲಾರನು.

ಈ ಮೇರೆಯನ್ನು ಮೀರಿದುದಕ್ಕೆ ನಿದರ್ಶನವೊಂದುಂಟು. 1942ರ ಮೇ ತಿಂಗಳಲ್ಲಿ ಜಪಾನಿನ ನೌಕಾಧಿಕಾರಿಗಳು ಮಿಡ್‌ವೇ ಆಕ್ರಮಣವನ್ನು ಮೊದಲು ಆಟವಾಗಿ ಆಡಿ ನೋಡಿದರು. ದಾಳದ ಪ್ರಕಾರ ಅವರ ವಿಮಾನವಾಹಕ ನೌಕೆಗಳಿಗೆ ಒಂಬತ್ತು ಬಾಂಬುಗಳು ತಗುಲಿದುವು. ಆಟವನ್ನು ನಡೆಸುತ್ತಿದ್ದ ಉಗಾಕಿ ಅದನ್ನು ಮೂರಕ್ಕೆ ಇಳಿಸಿದನೆಂದು ಆ ನೌಕಾಪಡೆಯ ಫುಚಿದಾ ಬರೆದಿದ್ದಾನೆ. ಜೂನ್ 4ರ ನಿಜವಾದ ಕದನದಲ್ಲಿ ಅಂಥ ನಾಲ್ಕು ನೌಕೆಗಳು ಮಾರಕ ಪೆಟ್ಟು ತಿಂದು ಕಡಲ ಪಾಲಾದುವು. ಅಲ್ಲಿ ದಾಳವನ್ನು ತಿದ್ದುವವರು ಯಾರೂ ಇರಲಿಲ್ಲ.

ನಿರ್ಧಾರದಲ್ಲಿ ಸ್ವಾತಂತ್ರ್ಯ, ಪರಿಣಾಮದಲ್ಲಿ ನಿಷ್ಠೆ: ಉತ್ತಮ ರಣಕ್ರೀಡೆಯ ಲಕ್ಷಣವಿದು. ಇಂಥ ಆಟವನ್ನಾಡುವ ವಿದ್ಯಾರ್ಥಿಯು ಎರಡು ಪಾಠಗಳನ್ನು ಕಲಿಯಬಲ್ಲನು. ನಡೆದುದೆಲ್ಲ ವಿಧಿಲಿಖಿತವಲ್ಲ, ಮನುಷ್ಯರು ಆಯ್ದುದು ಎಂಬುದು ಒಂದು. ಆಯ್ದ ಮೇಲೆ ಫಲವನ್ನು ಉಣ್ಣಲೇಬೇಕೆಂಬುದು ಇನ್ನೊಂದು. ಪರದೆಯ ಮೇಲೆ ಅಂಕಿಯಾಗಿ ಅಳಿಯುವ ಪ್ರತಿಯೊಂದು ದಂಡೂ ಒಂದು ಕಾಲದಲ್ಲಿ ತಾಯಂದಿರ ಮಕ್ಕಳಾಗಿತ್ತೆಂಬ ಅರಿವು ಇವೆರಡಕ್ಕೂ ಜೊತೆಯಾದರೆ, ಆ ಆಟವು ವ್ಯರ್ಥ ಕಾಲಹರಣವಾಗದು.