ಖದೀಜಾ ಅವರ ಮನೆ ಎಲ್ಲಿ?

ಮಕ್ಕೆಗೆ ಹೋಗಿಬಂದವನನ್ನು ಎಲ್ಲರೂ ಕೇಳುವುದು ಜಂಜಂ ನೀರನ್ನು, ಖರ್ಜೂರವನ್ನು. ಪ್ರವಾದಿಯವರ ಪತ್ನಿ ಖದೀಜಾ ಅವರ ಮನೆ ಎಲ್ಲಿತ್ತೆಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ನಾನು ಕಂಡದ್ದಾದರೂ ಏನು? 1989ರಲ್ಲಿ ಅದರ ತಳಪಾಯವನ್ನು ಅಗೆದು ನೋಡಿ, ಮತ್ತೆ ಮುಚ್ಚಿಬಿಟ್ಟರು.

ಗುರುತು ಉಳಿಸಿದರೆ ಜನ ಪೂಜೆಗಿಳಿದಾರು, ಅದು ಶಿರ್ಕ್ ಎಂಬುದು ಅಳಿಸಿದವರ ವಾದ. ದೇವರೊಬ್ಬನೇ ಎಂಬ ಮಾತಿನಲ್ಲಿ ನನಗೂ ಅವರಷ್ಟೇ ನಿಷ್ಠೆಯುಂಟು. ಆದರೆ ಮದೀನೆಯ ಬಕೀ ಖಬರಸ್ಥಾನದ ಗುಮ್ಮಟಗಳನ್ನು 1920ರ ದಶಕದಲ್ಲಿ ಉರುಳಿಸಿದರಲ್ಲ, ಜನ ಬರುವುದು ನಿಂತಿತೆ? ಇಂದಿಗೂ ಬಂದು, ಬರಿಯ ಮಣ್ಣಿನ ಮುಂದೆ ನಿಂತು ಕಣ್ಣೊರಸಿಕೊಳ್ಳುತ್ತಾರೆ. ಭಕ್ತಿ ಅಳಿಯಲಿಲ್ಲ, ಯಾವ ಗೋರಿ ಯಾರದೆಂಬ ತಿಳಿವಳಿಕೆ ಅಳಿಯಿತು.

ಹೋಗಲಿ, ಅಜ್ಯಾದ್ ಕೋಟೆಯಲ್ಲಿ ಯಾರು ಪೂಜೆ ಮಾಡುತ್ತಿದ್ದರು? ಹದಿನೆಂಟನೆಯ ಶತಮಾನದ ಆ ತುರ್ಕಿ ಕೋಟೆಯನ್ನು 2002ರಲ್ಲಿ ಗುಡ್ಡದ ಸಮೇತ ನೆಲಸಮ ಮಾಡಿದರು. ಈಗ ಅಲ್ಲಿ 601 ಮೀಟರಿನ ಗಡಿಯಾರದ ಗೋಪುರ, ಹೋಟೆಲು, ಅಂಗಡಿಸಾಲು. ಲಕ್ಷಗಟ್ಟಲೆ ಯಾತ್ರಿಕರಿಗೆ ತಂಗಲು ಎಡೆ ಬೇಕು, ಒಪ್ಪಿದೆ, ನಾನೂ ತಂಗಿದವನೇ. ಆದರೆ ಕಾಬಾದ ಎದುರು ದುಆಕ್ಕೆ ಕೈಯೆತ್ತಿ ತಲೆ ಮೇಲೆ ಮಾಡಿದರೆ ಮೊದಲು ಕಾಣುವುದು ಗಂಟೆ ಎಷ್ಟಾಯಿತೆಂಬುದು! ಗೋರಿಯ ಕಲ್ಲು ಮನಸ್ಸನ್ನು ದೇವರಿಂದ ತಿರುಗಿಸುವುದಾದರೆ, ಕಾಬಾ ಕಾಣುವ ಕಿಟಕಿಗೆ ಹೆಚ್ಚು ಬಾಡಿಗೆ ಕೇಳುವ ಕೋಣೆ ತಿರುಗಿಸುವುದಿಲ್ಲವೆ?

ಈಚೆಗೆ, 2023ರಲ್ಲಿ, ಹಿರಾ ಗುಹೆಯಿರುವ ಬೆಟ್ಟದ ತಪ್ಪಲಲ್ಲಿ ವಸ್ತುಸಂಗ್ರಹಾಲಯ ತೆರೆದಿದ್ದಾರೆ. ಸಂತೋಷ. ಗುಹೆಯ ಕತೆಯನ್ನು ಯಾತ್ರಿಕರಿಗೆ ತೋರಿಸಿದರೆ ಕೆಡದ ಧರ್ಮ, ಒಂದು ಮನೆಯ ತಳಪಾಯ ತೋರಿಸಿದರೆ ಕೆಡುವುದು ಹೇಗೆ?