ವಜ್ರ ಎಷ್ಟು ಆಳದಲ್ಲಿದೆ?

ಹೋದ ಭಾನುವಾರ ಬೆಳಿಗ್ಗೆ ದೋಸೆ ಹುಯ್ತಾ ಇದ್ದೆ. ಹಾಲ್‌ನಲ್ಲಿ ಮಗ ಮೊಬೈಲ್ ಹಿಡ್ಕೊಂಡು ಕಿಸಕಿಸ ನಗ್ತಿದ್ದ. "ಏನೋ ಅದು?" ಅಂದೆ. "ಗ್ರೂಪ್‌ಗೆ ಹೊಸದಾಗಿ ಬಂದಿರೋ ಹುಡುಗಿ, ವಜ್ರ ಸಿಗೋದು ಮೈನಸ್ 59ರಲ್ಲಿ ಅಂತಾಳಮ್ಮ! 11ರಲ್ಲಿ ಅಂತ ಎಲ್ರಿಗೂ ಗೊತ್ತು" ಅಂದ.

ಇದು ಮೈನ್‌ಕ್ರಾಫ್ಟ್ ಆಟದ ಮಾತು. ಅದರಲ್ಲಿ ನೆಲ ಅಗೆದು ವಜ್ರ ಹುಡುಕಬೇಕು. ಎಷ್ಟು ಆಳದಲ್ಲಿದ್ದೀವಿ ಅನ್ನೋದಕ್ಕೆ ಒಂದು ಅಂಕಿ ಇರುತ್ತೆ. ನಮ್ಮ ಬಿಲ್ಡಿಂಗಿನ ಏಳೆಂಟು ಮಕ್ಕಳು ಇಂಥ ಗುಟ್ಟುಗಳನ್ನ ಹಂಚಿಕೊಳ್ಳೋಕೆ ವಾಟ್ಸಾಪ್ ಗ್ರೂಪ್ ಮಾಡ್ಕೊಂಡಿದ್ದಾರೆ. ಅವಳ ಮೆಸೇಜಿಗೆ ಸಾಲಾಗಿ ನಗೋ ಗೊಂಬೆಗಳು ಬಂದವು. ಸಂಜೆ ಹೊತ್ತಿಗೆ ಅವಳು ಗ್ರೂಪ್ ಬಿಟ್ಟಿದ್ದಳು.

ರಾತ್ರಿ ಇಬ್ಬರೂ ಕೂತು ಮೈನ್‌ಕ್ರಾಫ್ಟ್ ವಿಕಿ ತೆಗೆದು ನೋಡಿದ್ವಿ. ಹುಡುಗಿ ಹೇಳಿದ್ದೇ ಸರಿ! 2021ರ ನವೆಂಬರ್‌ನಲ್ಲಿ ಬಂದ 1.18 ಆವೃತ್ತಿಯಲ್ಲಿ ಆಟದ ಭೂಮಿಯನ್ನೇ ಇನ್ನೂ ಆಳಕ್ಕೆ ಇಳಿಸಿದ್ದಾರೆ. ತಳ ಈಗ ಮೈನಸ್ 64. ಕೆಳಗೆ ಹೋದಷ್ಟೂ ವಜ್ರ ಜಾಸ್ತಿ. ಮಗ ನಂಬಿದ್ದ 11 ಸುಳ್ಳಲ್ಲ, ಹಳೇದು. ಅದಕ್ಕೂ ಮೊದಲಿನ ವಿಡಿಯೋ ನೋಡಿ ಕಲಿತಿದ್ದ ಅಷ್ಟೆ. ಯಾವ ಆವೃತ್ತಿಯ ಮಾತು ಅಂತ ಯಾರೂ ಬರೆದಿರಲಿಲ್ಲ.

ನಮ್ಮತ್ತೆಯ ಅಡುಗೆ ಪುಸ್ತಕ ನೆನಪಾಯ್ತು. ಮಾವಿನ ಉಪ್ಪಿನಕಾಯಿಗೆ "ಉಪ್ಪು ಎರಡು ಪಾವು" ಅಂತ ಬರೆದಿಟ್ಟಿದ್ದಾರೆ. ಎಷ್ಟು ಕಾಯಿಗೆ? ಅದು ಇಲ್ಲ. ಕೇಳೋಣ ಅಂದ್ರೆ ಅವರೂ ಇಲ್ಲ.

ವಿಕಿಯಲ್ಲಿ ನನಗೆ ಹಿಡಿಸಿದ್ದು ಇದೇ. ಪುಟದಲ್ಲಿ ಯಾವ ಆವೃತ್ತಿಯಲ್ಲಿ ಏನು ಬದಲಾಯ್ತು ಅಂತ ಪಟ್ಟಿ ಇದೆ. ಜಾವಾ, ಬೆಡ್‌ರಾಕ್ ಅಂತ ಆಟದ ಎರಡು ಬಗೆಗಳಿಗೆ ಲೆಕ್ಕ ಬೇರೆ ಬೇರೆ. ಯಾರಾದರೂ ತಿದ್ದಿದರೆ ಹಳೆಯ ಬರಹ ಅಳಿಸಿ ಹೋಗಲ್ಲ. ಬೇಕಾದರೆ ವಾಪಸ್ ತರಬಹುದು. ತಕರಾರಿದ್ದರೆ ಮಾತಾಡೋಕೆ ಬೇರೆ ಪುಟವೇ ಇದೆ. ಬರೆಯೋರು ನಮ್ಮ ನಿಮ್ಮಂಥ ಆಟದ ಅಭಿಮಾನಿಗಳೇ. ಜಾಹೀರಾತಿನ ಕಾಟ ಸಾಕಾಗಿ 2023ರ ಸೆಪ್ಟೆಂಬರ್‌ನಲ್ಲಿ ಅವರು ಗಂಟುಮೂಟೆ ಕಟ್ಟಿ ಬೇರೆ ವಿಳಾಸಕ್ಕೆ ಹೋದರು. ಬರಹವನ್ನ ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು ಅನ್ನೋ ಪರವಾನಗಿ ಮೊದಲೇ ಇದ್ದದ್ದರಿಂದ ಅಷ್ಟು ವರ್ಷದ ದುಡಿಮೆ ನೀರುಪಾಲಾಗಲಿಲ್ಲ.

ವಾಟ್ಸಾಪ್‌ನಲ್ಲಿ ಹೇಳಿದ್ದು ನಾಲ್ಕು ಗುಡ್ ಮಾರ್ನಿಂಗ್ ಬರೋದ್ರೊಳಗೆ ಮೇಲೆ ಹೋಗಿಬಿಡುತ್ತೆ. ಅದಕ್ಕೇ ಮಕ್ಕಳು ಈಗ ಎಲ್ಲರೂ ತಿದ್ದಬಹುದಾದ ಒಂದು ಗೂಗಲ್ ಡಾಕ್ ಮಾಡಿದ್ದಾರೆ. ನಿಯಮ ಮೂರೇ. ಬರೆದ ದಿನ, ಆಟದ ಆವೃತ್ತಿ ಹಾಕಬೇಕು. ತಾನೇ ಆಡಿ ನೋಡಿದ್ದೋ, ಯಾರೋ ಹೇಳಿದ್ದೋ ತಿಳಿಸಬೇಕು. ಮೂರನೇದು ನನ್ನದು: ಯಾರಾದರೂ ತಪ್ಪು ಅಂದ್ರೆ ನಗೋ ಮೊದಲು ಒಂದ್ಸಲ ಅಗೆದು ನೋಡಬೇಕು!

ಮೊದಲ ಸಾಲು ಮಗನೇ ಬರೆದ: ವಜ್ರ, ಮೈನಸ್ 59. ಪಕ್ಕದಲ್ಲಿ ಹೇಳಿದವರು ಅಂತ ಆ ಹುಡುಗಿಯ ಹೆಸರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಎರಡನೇ ಮಹಡಿಗೆ ಹೋದ. ವಾಪಸ್ ಬಂದಾಗ ಮುಖ ಸಪ್ಪಗಿತ್ತು. "ಸಾರಿ ಕೇಳ್ದೆ. ನೋಡ್ತೀನಿ ಅಂದ್ಲು" ಅಂದ.

ಇನ್ನೂ ಗ್ರೂಪಿಗೆ ಬಂದಿಲ್ಲ. ಆದ್ರೆ ನಿನ್ನೆ ಆ ಡಾಕ್‌ನಲ್ಲಿ ಕಬ್ಬಿಣದ ಬಗ್ಗೆ ಹೊಸದೊಂದು ಸಾಲು ಇತ್ತು. ದಿನ, ಆವೃತ್ತಿ ಎರಡೂ ಹಾಕಿತ್ತು. "ನಾನೇ ಆಡಿ ನೋಡಿದ್ದು" ಅಂತಲೂ ಇತ್ತು.

ನಿಮ್ಮ ಮನೆ ಮಕ್ಕಳೂ ಹೀಗೆ ಏನಾದರೂ ಬರೆದಿಡ್ತಾರಾ? ಒಮ್ಮೆ ಪಕ್ಕ ಕೂತು ನೋಡಿ.