ಗುಣವಾಗದ ರೋಗಿಗಳ ಒಡನಾಟ

ರೋಗಿಗಳನ್ನು ನೋಡಿ ಬರುವ ಪದ್ಧತಿಯು ನಮ್ಮಲ್ಲಿ ಹೊಸದೇನೂ ಅಲ್ಲ. ಎಳನೀರನ್ನೋ ಮೂಸಂಬಿಯನ್ನೋ ಹಿಡಿದು ಆಸ್ಪತ್ರೆಗೆ ಹೋಗಿ, ಕಾಲು ಗಂಟೆ ನಿಂತು, "ಬೇಗ ಗುಣವಾಗುವಿರಿ" ಎಂದು ಹೇಳಿ ಹಿಂದಿರುಗದವರು ನಮ್ಮೊಳಗೆ ಯಾರಿದ್ದಾರೆ? ಆದರೆ ಗುಣವಾಗದೆಂದು ವೈದ್ಯರೇ ತಿಳಿಸಿದ ರೋಗಿಯ ಬಳಿಗೆ ಹೋಗಬೇಕಾದಾಗ ನಾವು ಹಿಂಜರಿಯುತ್ತೇವೆ. ಹೇಳುವುದಕ್ಕೆ ಮಾತಿಲ್ಲವೆಂಬುದೇ ಇದಕ್ಕೆ ಕಾರಣ. ಅಲ್ಲಿ ಮಾತಿನ ಅವಶ್ಯವೇ ಬಹಳವಿಲ್ಲವೆಂಬುದು ನಮ್ಮ ಅಭಿಪ್ರಾಯವಾಗಿದೆ.

ಇಂತಹವರಿಗಾಗಿ ಏರ್ಪಟ್ಟಿರುವ ಶುಶ್ರೂಷಾಲಯಗಳಿಗೆ ಹಾಸ್ಪಿಸ್ ಎಂದು ಹೆಸರು. ನೋವನ್ನು ತಗ್ಗಿಸಿ, ಉಳಿದ ದಿವಸಗಳನ್ನು ಸಹ್ಯವಾಗಿ ಮಾಡುವುದೇ ಇವುಗಳ ಉದ್ದೇಶ. ೧೯೪೮ರಲ್ಲಿ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಡೇವಿಡ್ ಟಾಸ್ಮಾ ಎಂಬ ಪೋಲೆಂಡಿನ ಯೆಹೂದ್ಯನು ಕ್ಯಾನ್ಸರಿನಿಂದ ಸಾಯುತ್ತಿದ್ದನು. ಸಿಸಿಲಿ ಸಾಂಡರ್ಸ್ ಎಂಬಾಕೆ ಮತ್ತೆ ಮತ್ತೆ ಹೋಗಿ ಅವನ ಬಳಿ ಕುಳಿತಿರುತ್ತಿದ್ದಳು. ಅವನು ಸಾಯುವಾಗ ಐನೂರು ಪೌಂಡುಗಳನ್ನು ಆಕೆಗೆ ಬಿಟ್ಟುಹೋದನು; ಮುಂದೆ ಆಕೆ ಕಟ್ಟುವ ಮನೆಗೆ ತಾನೊಂದು ಕಿಟಕಿಯಾಗಬೇಕೆಂಬುದು ಅವನ ಆಸೆ. ಆಕೆ ಬಳಿಕ ವೈದ್ಯವಿದ್ಯೆಯನ್ನು ಕಲಿತು, ೧೯೬೭ರಲ್ಲಿ ಸೇಂಟ್ ಕ್ರಿಸ್ಟೊಫರ್ಸ್ ಹಾಸ್ಪಿಸನ್ನು ತೆರೆದಳು. ಇಷ್ಟು ದೊಡ್ಡ ಕಾರ್ಯಕ್ಕೆ ಮೂಲವು ಹಾಸಿಗೆಯ ಬಳಿಯ ಒಂದು ಕುರ್ಚಿಯೇ ಅಲ್ಲವೆ?

ನಮ್ಮ ದೇಶದಲ್ಲಿ ಮುಂಬಯಿಯ ಶಾಂತಿ ಆವೇದನಾ ಸದನವು ೧೯೮೬ರಲ್ಲಿಯೂ, ಬೆಂಗಳೂರಿನ ಕರುಣಾಶ್ರಯವು ೧೯೯೯ರಲ್ಲಿಯೂ ತೆರೆದವು. ಕರುಣಾಶ್ರಯದಲ್ಲಿ ಕ್ಯಾನ್ಸರ್ ರೋಗಿಗಳಿಂದ ಹಣ ತೆಗೆದುಕೊಳ್ಳುವುದಿಲ್ಲ. ಕಲ್ಲಿಕೋಟೆಯಲ್ಲಿ ೧೯೯೩ರಲ್ಲಿ ಆರಂಭವಾದ ಸಂಘದ ಕೆಲಸವು ಬೆಳೆದು, ನೆರೆಹೊರೆಯವರೇ ತರಬೇತಿ ಹೊಂದಿ ರೋಗಿಗಳ ಮನೆಗೆ ಹೋಗುವ ಏರ್ಪಾಡು ಕೇರಳದಲ್ಲಿ ಹಬ್ಬಿತು. ಅವರು ಬಹುಮಟ್ಟಿಗೆ ನಮ್ಮ ನಿಮ್ಮಂತಹ ಸಾಮಾನ್ಯ ಗೃಹಸ್ಥರು.

ಈ ಸೇವೆಗೆ ಕರುಣೆಗಿಂತಲೂ ಕ್ರಮವು ಮುಖ್ಯ. ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ ಹೋಗಬೇಕು. ದಿನಗಳು ಎಣಿಕೆಯಾಗಿರುವವರಿಗೆ ಬುಧವಾರ ಬರುವೆನೆಂದು ಹೇಳಿ ಬಾರದಿರುವುದು ಸಣ್ಣ ಅಪರಾಧವಲ್ಲ. ವರ್ಷಕ್ಕೊಮ್ಮೆ ಗುಂಪಾಗಿ ಹೋಗಿ, ಹಾಡಿ, ಹಣ್ಣು ಹಂಚಿ, ಚಿತ್ರ ತೆಗೆಸಿಕೊಂಡು ಬರುವುದಕ್ಕಿಂತ ಹೋಗದಿರುವುದೇ ಲೇಸು. ತಲೆ ಬಾಚುವುದು, ಪತ್ರಿಕೆ ಓದುವುದು, ರೋಗಿಗೆ ನಿದ್ರೆ ಬಂದರೆ ಸುಮ್ಮನೆ ಕುಳಿತಿರುವುದು. ರಾತ್ರಿಯೆಲ್ಲಾ ಎಚ್ಚರವಾಗಿದ್ದ ಮಗಳು ಸ್ನಾನಮಾಡಿ ಕಾಫಿ ಕುಡಿದು ಬರುವವರೆಗೆ ಅವಳ ಸ್ಥಳದಲ್ಲಿರುವುದು. ಕೆಲಸವೆಂದರೆ ಇಷ್ಟೇ.

ಕಠಿಣವಾದ ಸಂಗತಿಯೊಂದುಂಟು. ಅನೇಕ ಮನೆಗಳಲ್ಲಿ ರೋಗಿಗೆ ನಿಜವನ್ನು ತಿಳಿಸಿರುವುದಿಲ್ಲ. ರೋಗಿಯೋ ತಿಳಿದಿದ್ದರೂ ಮನೆಯವರಿಗಾಗಿ ತಿಳಿಯದವರಂತೆ ಇರುವರು. ಒಂದೇ ಕೋಣೆಯಲ್ಲಿದ್ದು ಒಬ್ಬರಿಗೆ ಕಾಣದಂತೆ ಒಬ್ಬರು ಅಳುವರು. ಆದಕಾರಣ ಹೊರಗಿನವಳನ್ನೇ, "ನಾನು ಉಳಿಯುತ್ತೇನೆಯೇ ಅಮ್ಮಾ?" ಎಂದು ಕೇಳುವುದುಂಟು. ಆಗ ಸುಳ್ಳು ಧೈರ್ಯ ಹೇಳಕೂಡದು. ವೈದ್ಯರು ಹೇಳತಕ್ಕದ್ದನ್ನು ತಾನೇ ಹೇಳಲೂ ಕೂಡದು. "ನಿಮಗೆ ಏನನ್ನಿಸುತ್ತದೆ?" ಎಂದು ಕೇಳಿ, ಉತ್ತರವನ್ನು ಕಡೆಯವರೆಗೂ ಆಲಿಸಿ, ದಾದಿಗೆ ತಿಳಿಸಬೇಕು. ಆ ಉತ್ತರವನ್ನು ಕೇಳಿಸಿಕೊಳ್ಳುವವರು ಆ ಮನೆಯಲ್ಲಿ ಬೇರೆ ಯಾರೂ ಇಲ್ಲದಿರಬಹುದು. ಕೇಳದವರಿಗೆ ಉಪದೇಶ, ನಾಟಿ ಔಷಧ, ಪೂರ್ವಕರ್ಮದ ವಿಚಾರ ಇವು ಬೇಡ. ಪ್ರಾರ್ಥನೆಯನ್ನು ರೋಗಿಯೇ ಅಪೇಕ್ಷಿಸಿದರೆ ಮಾತು ಬೇರೆ.

ಹೆತ್ತವರು, ಸಾವಿನ ಬಳಿಗೆ ಹೆಣ್ಣುಮಕ್ಕಳನ್ನು ಕಳುಹಿಸುವುದೆ ಎಂದು ಶಂಕಿಸಬಹುದು. ಶಾಲೆಯಲ್ಲಿ ಓದುತ್ತಿರುವ ಬಾಲಿಕೆಯರನ್ನು ಕಳುಹಿಸಬೇಕೆಂದು ನಾವೂ ಹೇಳುವುದಿಲ್ಲ. ಸಂಸಾರದ ಭಾರವನ್ನು ಇಳಿಸಿ, ಮಧ್ಯಾಹ್ನದ ಬಿಡುವನ್ನು ಕಂಡಿರುವ ಹಳೆಯ ವಿದ್ಯಾರ್ಥಿನಿಯರನ್ನೇ ಈ ಮಾತು ಉದ್ದೇಶಿಸಿದೆ. ಕ್ಯಾನ್ಸರು ಅಂಟುವ ರೋಗವಲ್ಲ. ಆದರೂ ಇತ್ತೀಚೆಗೆ ಸ್ವಂತ ಮನೆಯಲ್ಲಿ ಮರಣವನ್ನು ಕಂಡವರು ಕೆಲವು ಕಾಲ ತಡೆಯುವುದು ಒಳ್ಳೆಯದು. ಅವರ ದುಃಖವು ರೋಗಿಯ ಮೇಲೆ ಇನ್ನೊಂದು ಹೊರೆಯಾಗಬಾರದು.

ಬೆಂಗಳೂರಿನಂತಹ ಪಟ್ಟಣದಲ್ಲಿ ರೋಗಿಗಳೆಲ್ಲರೂ ಕನ್ನಡದವರೇ ಆಗಿರುವುದಿಲ್ಲ. ತೆಲುಗು, ತಮಿಳು, ಉರ್ದು, ತುಳು, ಕೊಂಕಣಿ ಮಾತಾಡುವ ಹಳೆಯ ವಿದ್ಯಾರ್ಥಿನಿಯರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ತಮ್ಮ ಮನೆಮಾತನ್ನು ಕೇಳಿದೊಡನೆ ಕಣ್ತೆರೆದು ಊರಿನ ಸುದ್ದಿ ಕೇಳುವ ಮುದುಕಿಯರು ಇರುತ್ತಾರೆ. ಹೆಸರು ಕೊಡುವವರು ತಮಗೆ ಯಾವ ಯಾವ ಭಾಷೆ ಬರುವುದೆಂದು ಅದರೊಂದಿಗೇ ಬರೆದು ತಿಳಿಸಿದರೆ ದಾದಿಯರಿಗೆ ಅನುಕೂಲವಾಗುವುದು.